ಪುಸ್ತಕಗೋಷ್ಠಿಯೂ ಅಂಕದ ಪಟ್ಟಿಯೂ

ಓದು ಏಕಾಂತದ ಕೆಲಸವೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಪುಸ್ತಕ ಹಿಡಿದು ಮೂಲೆ ಸೇರಿದವನನ್ನು ಮಾತನಾಡಿಸಬಾರದೆಂಬುದು ಸಭ್ಯತೆಯ ಒಂದು ನಿಯಮವೇ ಆಗಿಬಿಟ್ಟಿದೆ. ಆದರೆ ಈ ಏಕಾಂತ ನಮ್ಮಲ್ಲಿ ಬಲಿತದ್ದು ಅಚ್ಚಿನ ಪುಸ್ತಕದೊಡನೆ. ಅದಕ್ಕೆ ಮುಂಚೆ ಕಾವ್ಯವೆಂಬುದು ಬಹುಮಟ್ಟಿಗೆ ಹತ್ತು ಮಂದಿ ಕೂಡಿ ಕೇಳುವ ವಸ್ತುವಾಗಿತ್ತು. ಗಮಕಿ ಕುಮಾರವ್ಯಾಸನ ಪದ್ಯವನ್ನು ವಾಚಿಸುತ್ತಿದ್ದ. ವ್ಯಾಖ್ಯಾನಕಾರ ಪಕ್ಕದಲ್ಲಿ ಕುಳಿತು ಅರ್ಥ ಬಿಡಿಸುತ್ತಿದ್ದ. ಅಕ್ಷರ ಬಾರದ ಶ್ರೋತೃವೂ ಕರ್ಣನ ಪಕ್ಷ ವಹಿಸಿ ಕೃಷ್ಣನ ತಂತ್ರವನ್ನು ಆಕ್ಷೇಪಿಸಲು ಹಿಂಜರಿಯುತ್ತಿರಲಿಲ್ಲ. ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ಈ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಭಾಗವತರು ಹಾಡುವ ಪದ್ಯ ಒಂದೇ. ಅರ್ಥಧಾರಿಗಳು ಅದರಿಂದ ಬೆಳೆಸುವ ಮಾತು ಮಾತ್ರ ರಾತ್ರಿಗೊಂದು ಬಗೆ. ಒಂದು ಕೃತಿಯ ಸುತ್ತ ಕುಳಿತು ವಾದಿಸುವುದನ್ನು ನಾವು ಯಾರಿಂದಲೋ ಹೊಸದಾಗಿ ಕಲಿಯಬೇಕಾಗಿಲ್ಲ.

ಆ ಹಳೆಯ ಜಗಲಿಯ ಮೇಲೆ ಎಲ್ಲರಿಗೂ ಸ್ಥಳವಿರಲಿಲ್ಲವೆಂಬುದನ್ನೂ ಒಡನೆಯೇ ಹೇಳಬೇಕು. ಅಂಗಳದ ಆಚೆ ನಿಂತು ಕೇಳಿದವರು, ಬಾಗಿಲ ಮರೆಯಲ್ಲಿ ನಿಂತು ಕೇಳಿದವರು ಏನು ಹೇಳುತ್ತಿದ್ದರೋ ಯಾರೂ ಕೇಳಲಿಲ್ಲ. ಇಂದಿನ ಕಾಲೇಜಿನ ಕೋಣೆ ಆ ಜಗಲಿಗಿಂತ ವಿಶಾಲವಾದದ್ದು. ಅಲ್ಲಿ ಎಲ್ಲ ಕೇರಿಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆದರೆ ಅಲ್ಲಿ ಮಾತನಾಡುವವನು ಒಬ್ಬನೇ, ಅಧ್ಯಾಪಕ. ಉಳಿದ ಎಪ್ಪತ್ತು ಮಂದಿ ಬರೆದುಕೊಳ್ಳುತ್ತಾರೆ. ಸ್ಥಳ ಸಿಕ್ಕಿತು, ಮಾತು ಸಿಗಲಿಲ್ಲ.

ಈ ವ್ಯವಸ್ಥೆಯಲ್ಲಿ ಕಾದಂಬರಿಯೊಂದನ್ನು ಪಠ್ಯವಾಗಿ ಇಟ್ಟರೆ ಏನಾಗುತ್ತದೆಂಬುದು ಅಧ್ಯಾಪಕರೆಲ್ಲರ ಅನುಭವದಲ್ಲಿದೆ. ಕಾದಂಬರಿಯನ್ನು ಓದುವವರಿಗಿಂತ ಅದರ ಸಾರಾಂಶವನ್ನು ಓದುವವರೇ ಹೆಚ್ಚು. ಹಿಂದೆ ಈ ಸಾರಾಂಶಕ್ಕಾಗಿ ಗೈಡಿನ ಅಂಗಡಿಗೆ ಹೋಗಬೇಕಾಗಿತ್ತು. ಈಗ ಆ ಶ್ರಮವೂ ಉಳಿದಿಲ್ಲ. ಕೈಯಲ್ಲಿರುವ ಫೋನನ್ನು ಕೇಳಿದರೆ ಕಥಾಸಾರ, ಪಾತ್ರಪರಿಚಯ, ಶೈಲಿಯ ಗುಣದೋಷ ಎಲ್ಲವನ್ನೂ ಯಂತ್ರವೇ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಮನೆಯಿಂದ ಬರೆದು ತಂದ ಪ್ರಬಂಧವನ್ನು ನೋಡಿ ವಿದ್ಯಾರ್ಥಿ ಪುಸ್ತಕ ಓದಿದ್ದಾನೆಯೇ ಇಲ್ಲವೇ ಎಂದು ತೀರ್ಮಾನಿಸುವ ಕಾಲ ಮುಗಿಯಿತೆಂದೇ ಹೇಳಬೇಕು. ಹಾಗಾದರೆ ತೀರ್ಮಾನಿಸುವುದು ಹೇಗೆ? ಐದು ಜನ ಓದುಗರ ನಡುವೆ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತವನು ಓದಿರುವುದನ್ನಾಗಲಿ ಓದದೆ ಇರುವುದನ್ನಾಗಲಿ ಬಹಳ ಹೊತ್ತು ಮುಚ್ಚಿಡಲಾರ. ನನ್ನ ಪದವಿ ತರಗತಿಗಳಲ್ಲಿ ಕೆಲವು ವರ್ಷಗಳಿಂದ ಪುಸ್ತಕಗೋಷ್ಠಿಗಳನ್ನು ನಡೆಸಿಕೊಂಡು ಬಂದಿರುವುದಕ್ಕೆ ಇದೊಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಅದನ್ನು ಮುಂದೆ ಹೇಳುತ್ತೇನೆ.

ಇಂಥ ಪ್ರಯತ್ನಕ್ಕೆ ಹಿರಿಯರ ಮೇಲ್ಪಂಕ್ತಿ ಇಲ್ಲದೆ ಇಲ್ಲ. ಐ. ಎ. ರಿಚರ್ಡ್ಸ್ ಅವರು ಕೇಂಬ್ರಿಡ್ಜಿನಲ್ಲಿ ಕವಿಯ ಹೆಸರಿಲ್ಲದ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅವರಿಂದ ಅಭಿಪ್ರಾಯಗಳನ್ನು ಬರೆಸಿ, ಅವುಗಳನ್ನು ಪರಿಶೀಲಿಸಿ ೧೯೨೯ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಎಂಬ ಗ್ರಂಥವನ್ನು ಪ್ರಕಟಿಸಿದರು. ಹೆಸರಿನ ಊರುಗೋಲು ತಪ್ಪಿದಾಗ ಒಳ್ಳೆಯ ವಿದ್ಯಾರ್ಥಿಗಳೂ ಎಷ್ಟು ಎಡವುತ್ತಾರೆಂಬುದನ್ನು ಆ ಗ್ರಂಥ ತೋರಿಸಿಕೊಟ್ಟಿತು. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ೧೯೩೮ರಲ್ಲಿ ಬರೆದ ತಮ್ಮ ಗ್ರಂಥದಲ್ಲಿ, ಕೃತಿಯ ಅರ್ಥ ಪುಟದ ಮೇಲೆ ಸಿದ್ಧವಾಗಿ ಕುಳಿತಿರುವುದಿಲ್ಲ, ಓದುಗನಿಗೂ ಕೃತಿಗೂ ನಡೆಯುವ ವ್ಯವಹಾರದಲ್ಲಿ ಅದು ಮೂಡುತ್ತದೆ ಎಂದು ವಾದಿಸಿದರು. ಸಹೃದಯನಿಲ್ಲದೆ ಕಾವ್ಯದ ಬದುಕು ಪೂರ್ಣವಾಗದೆಂದು ನಮ್ಮ ಆಲಂಕಾರಿಕರು ಹೇಳಿದ್ದನ್ನು ಬಲ್ಲವರಿಗೆ ಇದು ಅಪರಿಚಿತ ಮಾತಲ್ಲ. ಅದೇ ದೇಶದ ಹಾರ್ವೆ ಡೇನಿಯಲ್ಸ್ ೧೯೯೪ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಶಾಲೆಗಳಲ್ಲಿ ಸಣ್ಣ ಸಣ್ಣ ಸಾಹಿತ್ಯಮಂಡಲಿಗಳನ್ನು ಕಟ್ಟುವ ಪದ್ಧತಿ ಜನಪ್ರಿಯವಾಯಿತು. ನಮ್ಮಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ, ಧಾರವಾಡದ ಗೆಳೆಯರ ಗುಂಪು, ೧೯೪೯ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಇವೆಲ್ಲ ಕೂಡಿ ಓದುವ, ಕೂಡಿ ಚರ್ಚಿಸುವ ಹವ್ಯಾಸದಿಂದಲೇ ಬೆಳೆದವು. ಆದರೆ ಅಲ್ಲಿಗೆ ಸೇರಿದವರು ಆಸೆಪಟ್ಟು ಸೇರಿದವರು. ತರಗತಿಯಲ್ಲಿರುವವರು ವೇಳಾಪಟ್ಟಿಯಿಂದ ಸೇರಿದವರು. ಅವರ ಕೊನೆಯಲ್ಲಿ ಅಂಕದ ಪಟ್ಟಿಯೊಂದು ಕಾದಿರುತ್ತದೆ. ಕಷ್ಟವೆಲ್ಲ ಇರುವುದು ಇಲ್ಲಿ.

ನಾನು ನಡೆಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತರಗತಿಯಲ್ಲಿ ೭೨ ವಿದ್ಯಾರ್ಥಿಗಳಿದ್ದರೆ ಆರಾರು ಮಂದಿಯ ೧೨ ಗುಂಪುಗಳಾಗುತ್ತವೆ. ಆರಕ್ಕಿಂತ ಹೆಚ್ಚಾದರೆ ಒಬ್ಬಿಬ್ಬರು ಪ್ರೇಕ್ಷಕರಾಗುತ್ತಾರೆ. ನಾಲ್ಕಕ್ಕಿಂತ ಕಡಮೆಯಾದರೆ ಒಬ್ಬರು ಗೈರುಹಾಜರಾದ ದಿನ ಗೋಷ್ಠಿಯೇ ನಿಂತುಹೋಗುತ್ತದೆ. ಪುಸ್ತಕಗಳು ಆರು, ಒಂದೊಂದನ್ನು ಎರಡೆರಡು ಗುಂಪುಗಳು ಓದುತ್ತವೆ. ಕಳೆದ ಬಾರಿಯ ಪಟ್ಟಿ ಇದು: ಮಾಸ್ತಿಯವರ 'ಸುಬ್ಬಣ್ಣ' (೧೯೨೮), ಕಾರಂತರ 'ಚೋಮನ ದುಡಿ' (೧೯೩೩), ಅನಂತಮೂರ್ತಿಯವರ 'ಸಂಸ್ಕಾರ' (೧೯೬೫), ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬), ತೇಜಸ್ವಿಯವರ 'ಕರ್ವಾಲೊ' (೧೯೮೦), ವಿವೇಕ ಶಾನಭಾಗರ 'ಘಾಚರ್ ಘೋಚರ್' (೨೦೧೩). ಎಲ್ಲವೂ ಗಾತ್ರದಲ್ಲಿ ಮಿತವಾದವು. 'ಮಲೆಗಳಲ್ಲಿ ಮದುಮಗಳು' ಎಷ್ಟು ದೊಡ್ಡ ಕೃತಿಯಾದರೂ ಆರು ವಾರದ ಗೋಷ್ಠಿಗೆ ಒಗ್ಗುವುದಿಲ್ಲ. ಮೊದಲ ದಿನ ಪ್ರತಿಯೊಂದರಿಂದಲೂ ಎರಡೆರಡು ಪುಟಗಳನ್ನು ಗಟ್ಟಿಯಾಗಿ ಓದಿ, ಯಾವುದು ಬೇಕೆಂದು ವಿದ್ಯಾರ್ಥಿಗಳನ್ನೇ ಕೇಳುತ್ತೇನೆ. ಇಷ್ಟಪಟ್ಟು ಆರಿಸಿಕೊಂಡ ಪುಸ್ತಕವನ್ನು ಓದದೆ ಬಂದವನಿಗೆ ಅಧ್ಯಾಪಕನನ್ನು ದೂರುವ ಅವಕಾಶ ಉಳಿಯುವುದಿಲ್ಲ.

ಪ್ರತಿಗಳನ್ನು ಹೊಂದಿಸುವುದು ಒಂದು ಸಾಹಸವೇ ಸರಿ. ನಮ್ಮ ಗ್ರಂಥಾಲಯಗಳಲ್ಲಿ ಒಂದು ಕಾದಂಬರಿಯ ಎರಡು ಪ್ರತಿ ಸಿಕ್ಕಿದರೆ ಭಾಗ್ಯ. ಉಳಿದವನ್ನು ಹಳೆಯ ವಿದ್ಯಾರ್ಥಿಗಳಿಂದ, ಸಹೋದ್ಯೋಗಿಗಳ ಮನೆಗಳಿಂದ, ಹಳೆಯ ಪುಸ್ತಕದ ಅಂಗಡಿಗಳಿಂದ ಕೂಡಿಸಬೇಕು. ಹೀಗೆ ಕೂಡಿಸಿದಾಗ ಒಂದೇ ಕೃತಿಯ ಬೇರೆಬೇರೆ ಮುದ್ರಣಗಳು ಸೇರಿ, ಒಬ್ಬನ ಪುಟಸಂಖ್ಯೆ ಇನ್ನೊಬ್ಬನಿಗೆ ಹೊಂದುವುದಿಲ್ಲ. ಅಧ್ಯಾಯದ ಮೊದಲಿಂದ ಎಣಿಸಿ ಹೇಳುವ ಅಭ್ಯಾಸವನ್ನು ಮಾಡಿಸಿದರೆ ಈ ತೊಡಕು ತೀರುತ್ತದೆ.

ವಾರಕ್ಕೊಂದು ಗಂಟೆ, ಆರು ವಾರ. ಗುಂಪಿನಲ್ಲಿ ಕೆಲಸಗಳು ಹಂಚಿಹೋಗಿರುತ್ತವೆ: ಒಬ್ಬರು ಪ್ರಶ್ನೆಗಳನ್ನು ತರಬೇಕು, ಒಬ್ಬರು ಗಟ್ಟಿಯಾಗಿ ಓದತಕ್ಕ ಭಾಗವನ್ನು ಆಯಬೇಕು, ಒಬ್ಬರು ಅರಿಯದ ಪದಗಳನ್ನು ಹುಡುಕಬೇಕು, ಒಬ್ಬರು ಕೃತಿಗೂ ಸುತ್ತಲಿನ ಬದುಕಿಗೂ ಇರುವ ನಂಟನ್ನು ನೋಡಬೇಕು. ಡೇನಿಯಲ್ಸ್ ಅವರ ಪದ್ಧತಿಯಲ್ಲಿಯೂ ಇಂಥ ಹಂಚಿಕೆಯಿತ್ತು. ಮುಂದೆ ಅವರೇ, ಇದನ್ನು ಬಹಳ ಕಾಲ ಹಿಡಿದರೆ ಮಾತು ಯಾಂತ್ರಿಕವಾಗುತ್ತದೆಂದು ಎಚ್ಚರಿಸಿದರು. ಅದು ನಿಜ. ಮೂರನೆಯ ವಾರಕ್ಕೆ ನಾನು ಈ ಹಂಚಿಕೆಯನ್ನು ಕೈಬಿಡುತ್ತೇನೆ. ನಡೆಯಲು ಕಲಿತ ಮಗುವಿಗೆ ಮತ್ತೆ ಗಾಲಿಬಂಡಿ ಬೇಕಾಗುವುದಿಲ್ಲ.

ನಿಯಮ ಒಂದೇ. ತಾಳಮದ್ದಳೆಯ ಅರ್ಥಧಾರಿ ಎಷ್ಟು ದೂರ ಹೋದರೂ ಪದ್ಯಕ್ಕೆ ಹಿಂದಿರುಗಬೇಕಷ್ಟೆ? ಹಾಗೆಯೇ ಇಲ್ಲಿ ಯಾವ ಮಾತಾದರೂ ಪುಟಕ್ಕೆ ಹಿಂದಿರುಗಬೇಕು. 'ಎಲ್ಲಿದೆ, ತೋರಿಸು' ಎಂದು ಕೇಳುವ ಹಕ್ಕು ಗುಂಪಿನ ಪ್ರತಿಯೊಬ್ಬರಿಗೂ ಉಂಟು. ಈ ಎರಡು ಪದಗಳು ಎಷ್ಟು ವ್ಯರ್ಥಾಲಾಪವನ್ನು ತಡೆದಿವೆಯೆಂದರೆ, ಅಧ್ಯಾಪಕನಾಗಿ ನಾನು ತಡೆದದ್ದು ಅದರ ಕಾಲುಭಾಗವೂ ಇರಲಾರದು.

ಪ್ರಶ್ನೆ ಕೇಳುವುದನ್ನು ಮಾತ್ರ ಕಲಿಸಬೇಕಾಗುತ್ತದೆ. ಹನ್ನೆರಡು ವರ್ಷ ಉತ್ತರ ಬರೆಯುವುದನ್ನೇ ಅಭ್ಯಾಸ ಮಾಡಿದ ಮಕ್ಕಳಿಗೆ, ಪ್ರಶ್ನೆಯೆಂದರೆ ಉತ್ತರವನ್ನು ಮೊದಲೇ ಅಡಗಿಸಿಟ್ಟುಕೊಂಡಿರುವ ವಾಕ್ಯವೆಂದು ತೋರುತ್ತದೆ. 'ಕರ್ವಾಲೊ ಅವರ ಪಾತ್ರವನ್ನು ಚಿತ್ರಿಸಿ' ಎಂಬುದು ಗೋಷ್ಠಿಯ ಪ್ರಶ್ನೆಯಲ್ಲ. 'ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೈಗೆ ಸಿಗದೆ ಹೋದದ್ದು ಸೋಲೇ?' ಎಂಬುದು ಪ್ರಶ್ನೆ. 'ತಾನು ಸಂಪ್ರದಾಯವನ್ನು ಪಾಲಿಸುತ್ತಲೇ ಇದ್ದ ಫಣಿಯಮ್ಮ ದಾಕ್ಷಾಯಣಿಯ ಪರವಾಗಿ ನಿಂತದ್ದೇಕೆ?' ಎಂಬುದು ಪ್ರಶ್ನೆ. 'ಘಾಚರ್ ಘೋಚರ್' ಕೃತಿಯ ಕೊನೆಯಲ್ಲಿ ಏನು ನಡೆದಿದೆಯೆಂಬುದನ್ನು ಲೇಖಕರು ಹೇಳುವುದಿಲ್ಲ. ಆ ಮೌನದ ಬಗ್ಗೆ ಎರಡು ಗುಂಪುಗಳು ಎರಡು ತೀರ್ಮಾನಕ್ಕೆ ಬಂದು ಕಾರಿಡಾರಿನಲ್ಲಿಯೂ ವಾದ ಮುಂದುವರಿಸಿದ್ದನ್ನು ನಾನು ನೋಡಿದ್ದೇನೆ. ಓದಿದ ಇಬ್ಬರು ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ತಾಳಬಹುದಾದರೆ ಮಾತ್ರ ಅದು ಪ್ರಶ್ನೆ.

ಈಗ ನಾನು ಮೊದಲು ಹೇಳಿದ ದೊಡ್ಡ ಕಾರಣಕ್ಕೆ ಬರುತ್ತೇನೆ. 'ಚೋಮನ ದುಡಿ' ಓದುತ್ತಿದ್ದ ಗುಂಪೊಂದರಲ್ಲಿ ಮೂರು ವಾರ ಬಾಯಿ ಬಿಡದ ಹುಡುಗನೊಬ್ಬನಿದ್ದ. ಪಟ್ಟಣದಿಂದ ಬಂದ ಇಬ್ಬರು ಚೆನ್ನಾಗಿ ಮಾತನಾಡುತ್ತಿದ್ದರು. ಎತ್ತುಗಳಿದ್ದೂ ಉಳಲು ನೆಲವಿಲ್ಲದ ಚೋಮನ ಬಗ್ಗೆ, ಇಗರ್ಜಿಯ ಕಡೆಗೆ ಹೊರಟವನು ಹಿಂದಿರುಗಿದ್ದರ ಬಗ್ಗೆ, ದುಡಿಯ ಸಾಂಕೇತಿಕತೆಯ ಬಗ್ಗೆ ಅವರು ಆಡಿದ ಮಾತು ಒಪ್ಪವಾಗಿಯೇ ಇತ್ತು. ನಾಲ್ಕನೆಯ ವಾರ, ಸಾಲ ತೀರಿಸುವುದಕ್ಕೆಂದು ಚೋಮನ ಮಕ್ಕಳು ಕಾಫಿಯ ತೋಟಕ್ಕೆ ದುಡಿಯಲು ಹೋಗುವ ಭಾಗವನ್ನು ಓದುತ್ತಿದ್ದಾಗ, ಆ ಹುಡುಗ ಪುಸ್ತಕದಿಂದ ತಲೆಯೆತ್ತದೆ, "ಸಾರ್, ಆ ಸಾಲ ಎಷ್ಟು ಅಂತ ಬರೆದಿಟ್ಟೋರು ಯಾರು?" ಎಂದು ಕೇಳಿದ.

ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಎಲ್ಲರೂ ಹಿಂದಿನ ಪುಟಗಳನ್ನು ತಿರುವತೊಡಗಿದರು. ಸಾಲ ಎಲ್ಲಿ ಮೊದಲು ಬರುತ್ತದೆ, ಕೇಳಲು ಬರುವ ಮನ್ವೇಲ ಏನು ಹೇಳುತ್ತಾನೆ, ಚೋಮ ಎಂದಾದರೂ ಲೆಕ್ಕ ಕೇಳುತ್ತಾನೆಯೇ ಎಂದು ಆ ಗಂಟೆಯೆಲ್ಲ ಹುಡುಕಿದರು. ಅಕ್ಷರ ಬಲ್ಲವನ ಕೈಯಲ್ಲಿ ಲೆಕ್ಕ, ಅಕ್ಷರ ಬಾರದವನ ಬೆನ್ನಮೇಲೆ ಸಾಲ ಎಂಬುದು ಅವರಿಗೆ ಕಂಡಿತು. ದುಡಿಯ ಸಾಂಕೇತಿಕತೆಯನ್ನು ಕುರಿತು ಉಪನ್ಯಾಸ ಕೊಟ್ಟಿದ್ದ ಹುಡುಗನೇ ಅತ್ಯಂತ ಆಸಕ್ತಿಯಿಂದ ಪುಟ ತಿರುವುತ್ತಿದ್ದ. ಇಷ್ಟು ವರ್ಷ ಈ ಕಾದಂಬರಿಯನ್ನು ಪಾಠಮಾಡಿದ ನನಗೂ ಆ ಪ್ರಶ್ನೆ ಹೊಸದಾಗಿತ್ತು. ಅದು ಗೈಡಿನಲ್ಲಿ ಇರುವ ಪ್ರಶ್ನೆಯಲ್ಲ, ಯಂತ್ರ ಎತ್ತಿಕೊಡುವ ಪ್ರಶ್ನೆಯೂ ಅಲ್ಲ. ಸಾಲದ ಚೀಟಿಯನ್ನು ಬೇರೆಯವರಿಂದ ಓದಿಸಿ ಕೇಳಿದ ಮನೆಗಳಿಂದ ಬಂದವರಿಗೆ ಹೊಳೆಯುವ ಪ್ರಶ್ನೆ. ಅಂಗಳದ ಆಚೆ ನಿಂತವರ ಓದು ಒಳಗೆ ಬಂದಾಗ ಕೃತಿಯೇ ದೊಡ್ಡದಾಗುತ್ತದೆ. ಗೋಷ್ಠಿ ಬೇಕಾಗಿರುವುದು ಇದಕ್ಕಾಗಿ.

ಇಲ್ಲಿಯೇ ಅಪಾಯವೂ ಇದೆ. ಇಂಥ ಕೃತಿಯ ಚರ್ಚೆಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಇನ್ನೊಬ್ಬನ ಕಡೆ ತಿರುಗಿ, 'ನಿಮ್ಮವರ ವಿಷಯ, ನೀನೇ ಹೇಳಪ್ಪ' ಎನ್ನುವುದುಂಟು. ಅನ್ನುವವನಲ್ಲಿ ಕೆಟ್ಟ ಉದ್ದೇಶವಿಲ್ಲದಿರಬಹುದು. ಆದರೆ ಆ ಒಂದು ಮಾತಿನಿಂದ ಓದುಗನಾಗಿ ಕುಳಿತಿದ್ದವನು ಸಾಕ್ಷಿಯಾಗಿಬಿಡುತ್ತಾನೆ; ಗೋಷ್ಠಿ ವಿಚಾರಣೆಯಾಗುತ್ತದೆ. ಅಲ್ಲಿ ಅಧ್ಯಾಪಕ ತಡಮಾಡದೆ ಮಾತನ್ನು ಪುಸ್ತಕಕ್ಕೆ ತಿರುಗಿಸಬೇಕು. ತನ್ನ ಬದುಕನ್ನು ಮಾತಿಗೆ ತರುವುದು ಅಥವಾ ತಾರದಿರುವುದು ಆ ವಿದ್ಯಾರ್ಥಿಯ ಸ್ವಂತ ಹಕ್ಕು; ಅದಕ್ಕೆ ಅಂಕದ ಆಸೆಯನ್ನಂತೂ ಎಂದಿಗೂ ತೋರಿಸಕೂಡದು. 'ಫಣಿಯಮ್ಮ' ಓದುವ ಹುಡುಗಿಯರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಇನ್ನು ಅಂಕ. ಮಾತಿಗೆ ಅಂಕ ಕೊಡುವುದು ಹೇಗೆ? ಕೊಡುವುದೇ ಬೇಡವೆನ್ನುವ ಮಿತ್ರರಿದ್ದಾರೆ. ಅಂಕ ಬಂದೊಡನೆ ಗೆಳೆಯರ ಮಾತು ನಾಟಕವಾಗುತ್ತದೆಂಬುದು ಅವರ ಆಕ್ಷೇಪಣೆ. ಅದರಲ್ಲಿ ಹುರುಳಿದೆ. ಆದರೆ ನಮ್ಮ ವ್ಯವಸ್ಥೆಯಲ್ಲಿ ಅಂಕವಿಲ್ಲದ ಕೆಲಸ ಎರಡನೆಯ ದರ್ಜೆಯ ಕೆಲಸವೆಂದು ವಿದ್ಯಾರ್ಥಿಗಳೂ ಆಡಳಿತದವರೂ ತಿಳಿಯುತ್ತಾರೆ. ಮೊದಲ ಕಿರುಪರೀಕ್ಷೆ ಹತ್ತಿರ ಬಂದ ಕೂಡಲೇ ಗೋಷ್ಠಿ ಕರಗಿಹೋಗುತ್ತದೆ. ಆದ್ದರಿಂದ ಅಂಕ ಕೊಡಬೇಕು, ಯಾವುದಕ್ಕೆ ಎಂಬುದನ್ನು ಮೊದಲ ದಿನವೇ ಕರಿಹಲಗೆಯ ಮೇಲೆ ಬರೆದು ತಿಳಿಸಬೇಕು.

ಆಂತರಿಕ ಮೌಲ್ಯಮಾಪನಕ್ಕಾಗಿ ನಾನು ೨೦ ಅಂಕಗಳನ್ನು ಮೂರು ಪಾಲು ಮಾಡುತ್ತೇನೆ. ಓದಿನ ಟಿಪ್ಪಣಿಗೆ ೮, ಗೋಷ್ಠಿಯ ಮಾತಿಗೆ ೬, ಕೊನೆಯ ವಾರ ತರಗತಿಯಲ್ಲಿಯೇ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೈಯಿಂದ ಬರೆಯುವ ಪ್ರಬಂಧಕ್ಕೆ ೬. ಗೋಷ್ಠಿಗೆ ಮುಂಚೆ ಹತ್ತು ನಿಮಿಷ ಎಲ್ಲರೂ ಮೌನವಾಗಿ ಟಿಪ್ಪಣಿ ಬರೆಯುತ್ತಾರೆ. ಥಟ್ಟನೆ ಮಾತನಾಡಲಾರದವರಿಗೆ ಈ ಹತ್ತು ನಿಮಿಷ ದೊಡ್ಡ ಉಪಕಾರ. ಕೈಯಲ್ಲಿ ಬರೆಹವಿದ್ದರೆ ಬಾಯಿಗೆ ಧೈರ್ಯ ಬರುತ್ತದೆ.

ಮಾತಿನ ಆರು ಅಂಕಗಳಲ್ಲಿ ಎಷ್ಟು ಸಲ ಮಾತನಾಡಿದರೆಂಬ ಎಣಿಕೆಗೆ ಸ್ಥಾನವಿಲ್ಲ. ನಾನು ನೋಡುವುದು ಮೂರನ್ನು. ಹೇಳಿದ ಮಾತಿಗೆ ಪುಟದ ಆಧಾರವಿತ್ತೇ? ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಅದನ್ನು ಮುಂದಕ್ಕೆ ಒಯ್ದದ್ದುಂಟೇ? ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಾಗ ಅಥವಾ ಬಿಡದೆ ಹಿಡಿದಾಗ ಕಾರಣ ಕೊಡಲು ಬಂತೇ? ಒಂದೊಂದಕ್ಕೆ ಎರಡೆರಡು ಅಂಕ. ಉಚ್ಚಾರಣೆಗೆ, ಗ್ರಂಥಸ್ಥ ಭಾಷೆಗೆ, ವಾಕ್ಚಾತುರ್ಯಕ್ಕೆ ಅಂಕವಿಲ್ಲ. ತನ್ನ ಊರಿನ ಮಾತಿನಲ್ಲಿ ಹೇಳಿದ ಒಳ್ಳೆಯ ಅಂಶ, ಪುಸ್ತಕದ ಭಾಷೆಯಲ್ಲಿ ಹೇಳಿದ ಪೊಳ್ಳುಮಾತಿಗಿಂತ ಮೇಲೆಂದು ಒಮ್ಮೆ ಅಂಕಗಳ ಮೂಲಕ ತಿಳಿದುಬಂದರೆ, ತರಗತಿಯ ಹಿಂದಿನ ಬೆಂಚುಗಳಲ್ಲಿ ಆಗುವ ಬದಲಾವಣೆಯನ್ನು ಕಣ್ಣಾರೆ ನೋಡಬೇಕು.

ಹನ್ನೆರಡು ಗುಂಪುಗಳಲ್ಲಿಯೂ ಏಕಕಾಲಕ್ಕೆ ಕುಳಿತುಕೊಳ್ಳುವ ವಿದ್ಯೆ ನನಗೆ ತಿಳಿಯದು. ವಾರಕ್ಕೆ ಎರಡು ಗುಂಪುಗಳಂತೆ ಆರು ವಾರದಲ್ಲಿ ಪ್ರತಿ ಗುಂಪಿನಲ್ಲಿಯೂ ಅರ್ಧ ಗಂಟೆ ಕುಳಿತುಕೊಳ್ಳುತ್ತೇನೆ. ಉಳಿದ ದಿನಗಳ ಸುದ್ದಿಯನ್ನು ತಿಳಿಯುವುದು 'ಋಣದ ಪುಟ'ದಿಂದ. ಗೋಷ್ಠಿ ಮುಗಿದೊಡನೆ ಪ್ರತಿಯೊಬ್ಬರೂ ತಮ್ಮ ಟಿಪ್ಪಣಿಯ ಕೊನೆಯಲ್ಲಿ, ಇಂದು ಯಾರ ಯಾವ ಮಾತಿನಿಂದ ನನ್ನ ಓದು ಬದಲಾಯಿತು ಎಂಬುದನ್ನು ಎರಡು ಮೂರು ಸಾಲುಗಳಲ್ಲಿ ಬರೆಯಬೇಕು. ಗೆಳೆಯರು ಪರಸ್ಪರ ಹೆಸರು ಬರೆದುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಬರೆದುಕೊಳ್ಳುತ್ತಾರೆ. ಆದರೆ ಹೆಸರಿನ ಜೊತೆಗೆ ಮಾತನ್ನೂ, ಅದು ಯಾವ ಪುಟವನ್ನು ಕುರಿತದ್ದೆಂಬುದನ್ನೂ ಬರೆಯಬೇಕಾಗಿರುವುದರಿಂದ ಸುಳ್ಳು ಋಣ ಬೇಗ ಬಯಲಾಗುತ್ತದೆ. ಚೋಮನ ಸಾಲದ ಪ್ರಶ್ನೆ ಕೇಳಿದ ಹುಡುಗನ ಹೆಸರು ಅಂದು ಉಳಿದ ಐವರ ಪುಟದಲ್ಲಿಯೂ ಇತ್ತು. ಆರು ವಾರಗಳಲ್ಲಿ ಅವನು ಆಡಿದ ಮಾತುಗಳನ್ನು ಎಣಿಸಿದ್ದರೆ ಅವನಿಗೆ ಒಂದು ಅಂಕವೂ ಸಿಗುತ್ತಿರಲಿಲ್ಲ.

ಗುಂಪಿಗೆಲ್ಲ ಒಂದೇ ಅಂಕ ಕೊಡುವ ಪದ್ಧತಿಯನ್ನು ಕೆಲವರು ಮೆಚ್ಚುತ್ತಾರೆ. ನನಗೆ ಅದು ಸರಿತೋರಲಿಲ್ಲ. ಒಬ್ಬಳು ಓದುತ್ತಾಳೆ, ಐವರು ಉಣ್ಣುತ್ತಾರೆ; ಅವಳು ಮುಂದಿನ ಬಾರಿ ಗೋಷ್ಠಿಯೆಂದರೆ ದೂರ ಸರಿಯುತ್ತಾಳೆ. ಅಂಕ ಬಿಡಿಬಿಡಿಯಾಗಿಯೇ ಇರಲಿ. ಕೂಡಿ ಓದಿದ್ದರ ಫಲ ಋಣದ ಪುಟದಲ್ಲಿ ಕಾಣಲಿ.

ಹೀಗೆ ಮಾಡುವುದಕ್ಕೆ ಪಾಠದ ಅವಧಿ ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆರು ಗಂಟೆಗಳೆಂದರೆ ಪಠ್ಯಭಾಗದ ಎರಡು ಮೂರು ಪಾಠಗಳಿಗೆ ಸಲ್ಲುವ ಕಾಲ. ನಾನು ಸಾರಾಂಶ ಹೇಳುವುದನ್ನು ನಿಲ್ಲಿಸಿ ಆ ಕಾಲವನ್ನು ಪಡೆದುಕೊಂಡೆ. ಸಾರಾಂಶ ಹೇಳುವ ಕೆಲಸಕ್ಕೆ ಈಗ ಅಧ್ಯಾಪಕನ ಅಗತ್ಯವೂ ಇಲ್ಲವಷ್ಟೆ. ಗದ್ದಲದ ಮಾತೂ ಬರುತ್ತದೆ. ಹನ್ನೆರಡು ಗುಂಪು ಒಂದೇ ಕೋಣೆಯಲ್ಲಿ ಮಾತನಾಡಿದರೆ ಸಂತೆಯಾಗುವುದು ಸಹಜ; ಪಕ್ಕದ ಕೋಣೆಯಿಂದ ಸಹೋದ್ಯೋಗಿಗಳು ಬಂದು ಇಣುಕಿ ನೋಡಿದ್ದೂ ಉಂಟು. ಅರ್ಧ ಗುಂಪುಗಳನ್ನು ಜಗಲಿಗೂ ಮರದ ನೆರಳಿಗೂ ಕಳುಹಿಸಿದರೆ ಶಾಂತಿ ನೆಲೆಸುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಸಹಿಸಿಕೊಳ್ಳಬೇಕು.

ಇಷ್ಟೆಲ್ಲ ಆದಮೇಲೂ ಅಂಕದ ಪಟ್ಟಿಗೆ ಸಿಕ್ಕದ್ದು ಬಹಳ ಉಳಿಯುತ್ತದೆ. 'ಸುಬ್ಬಣ್ಣ' ಓದಿ ಆರು ವಾರವೂ ಮಾತು ಕಡಮೆ ಆಡಿದ ಹುಡುಗಿಯೊಬ್ಬಳು, ಪರೀಕ್ಷೆಯೆಲ್ಲ ಮುಗಿದಮೇಲೆ ಪುಸ್ತಕ ಹಿಂದಿರುಗಿಸಲು ಬಂದು, ಇನ್ನೆರಡು ದಿನ ಇಟ್ಟುಕೊಳ್ಳಬಹುದೇ, ಅಜ್ಜಿಗೆ ಓದಿ ಹೇಳುತ್ತಿದ್ದೇನೆ, ಇನ್ನೂ ಮುಗಿದಿಲ್ಲ ಎಂದು ಕೇಳಿದಳು. ಅದಕ್ಕೆ ನನ್ನ ಪಟ್ಟಿಯಲ್ಲಿ ಅಂಕಣವಿಲ್ಲ. ಇರಬೇಕೆಂದೂ ನನಗೆ ಅನ್ನಿಸುವುದಿಲ್ಲ. ಅಳತೆಗೆ ಸಿಕ್ಕುವುದನ್ನು ನ್ಯಾಯವಾಗಿ ಅಳೆದು, ಸಿಕ್ಕದ್ದಕ್ಕೆ ಅವಕಾಶ ಕಲ್ಪಿಸಿಕೊಟ್ಟರೆ ಅಧ್ಯಾಪಕನ ಕೆಲಸ ಮುಗಿಯಿತು.

ಇದನ್ನು ಪ್ರಯೋಗಿಸಿ ನೋಡಬೇಕೆನ್ನುವ ಅಧ್ಯಾಪಕ ಮಿತ್ರರು ಇಡೀ ತರಗತಿಯಿಂದಲೇ ಪ್ರಾರಂಭಿಸಬೇಕಾಗಿಲ್ಲ. ಇಷ್ಟಪಟ್ಟು ಬರುವ ಆರು ಮಂದಿ, ಒಂದು ಸಣ್ಣ ಕಾದಂಬರಿಯ ಆರು ಪ್ರತಿ, ನಾಲ್ಕು ವಾರ ಸಾಕು. ಮೊದಲ ವಾರ ಮಾತು ಹೊರಡುವುದಿಲ್ಲ. ಎರಡನೆಯ ವಾರ ಒಬ್ಬರೇ ಮಾತನಾಡುತ್ತಾರೆ. ಮೂರನೆಯ ವಾರ ಯಾರಾದರೊಬ್ಬರು 'ಎಲ್ಲಿದೆ, ತೋರಿಸು' ಎನ್ನುತ್ತಾರೆ. ಅಲ್ಲಿಯವರೆಗೆ ಬಾಯಿಗೆ ಬಂದ ವ್ಯಾಖ್ಯಾನವನ್ನು ನುಂಗಿಕೊಂಡು ಕುಳಿತಿರುವುದೇ ನಮ್ಮಂಥವರಿಗೆ ಕಠಿಣವಾದ ತಪಸ್ಸು.